ಸುಮ್ಮನೆ ಗಾಡಿ ಓಡಿಸಿದ ಅಕ್ಕ

ಅಂಗಡಿ ಮುಚ್ಚುವುದೆಂದು ತೀರ್ಮಾನವಾದ ಮೇಲೆ ಹಳೇ ಸ್ಟಾಕನ್ನೆಲ್ಲ ಗುಜರಿಯವನಿಗೆ ತೂಕಕ್ಕೆ ಹಾಕುತ್ತಿದ್ದೆ. ಕೆಳಗಿನ ಖಾನೆಯಲ್ಲಿ ಗ್ರೀಸ್ ಹಿಡಿದು ಮೆತ್ತಗಾಗಿದ್ದ ರಟ್ಟಿನ ಡಬ್ಬಿಯೊಳಗೆ ಹೆಬ್ಬೆರಳ ಗಾತ್ರದ ಕಂದು ಬಣ್ಣದ ವಸ್ತುವೊಂದು ಸಿಕ್ಕಿತು. ಒಮ್ಮೆಯೂ ಗಾಡಿಗೆ ಹಾಕದ ಹೊಸ ಮಾಲು, ಅದರ ವಾಸನೆ ಇನ್ನೂ ಹಾಗೇ ಇತ್ತು... ಗುಜರಿಯವನು ತಿರುಗಿಸಿ ಮುರುಗಿಸಿ ನೋಡಿ, "ಇದ್ಯಾತರದು ಸಾರ್?" ಅಂದ. ಪದ್ಮಿನಿ ಕಾರಿನ ರೋಟರ್ ಎಂದೆ. ಅವನಿಗೆ ಪದ್ಮಿನಿ ಕಾರೇ ಗೊತ್ತಿರಲಿಲ್ಲ. ತಕ್ಕಡಿಗೆ ಹಾಕದೆ ಅದನ್ನು ಜೇಬಿಗೆ ಹಾಕಿಕೊಂಡೆ. ಅವತ್ತು ಮತ್ತೆ ಕೆಲಸಕ್ಕೆ ಕೈ ಹೋಗಲಿಲ್ಲ.

ಈಗಿನ ಗಾಡಿಗಳಲ್ಲಿ ಇದಿಲ್ಲ. ಆಗಿನ ಪೆಟ್ರೋಲ್ ಕಾರುಗಳಲ್ಲಿ ಇಂಜಿನ್ನಿನ ಪಕ್ಕ ಒಂದು ಮುಚ್ಚಳ, ಅದರೊಳಗೆ ತಿರುಗುವ ಈ ಪುಟ್ಟ ರೋಟರ್. ಇದನ್ನು ಕಿತ್ತು ಜೇಬಿಗೆ ಹಾಕಿಕೊಂಡರೆ ಮುಗಿಯಿತು. ಕೀ ಇರಲಿ, ಪೆಟ್ರೋಲ್ ಇರಲಿ, ಗಾಡಿ ಗರಗರ ಅನ್ನುತ್ತದೆಯೇ ಹೊರತು ಸ್ಟಾರ್ಟ್ ಆಗುವುದಿಲ್ಲ. ನಮ್ಮ ಗುಂಪಿಗೆ ಅದೊಂದು ಆಟದ ಸಾಮಾನು.

ಗುಂಪು ಅಂದರೆ ತೊಂಬತ್ತರ ದಶಕದ ಕೊನೆಯಲ್ಲಿ ಹುಣಸೂರಿನಲ್ಲಿದ್ದ ಗಾಡಿ ಹುಚ್ಚರು. ಸ್ಪೇರ್ ಪಾರ್ಟ್ಸ್ ಅಂಗಡಿಯ ನಾನು, ಮರ ಕೊಯ್ಯುವ ಸಾಮಿಲ್ ನಡೆಸುತ್ತಿದ್ದ ನನ್ನ ಗೆಳೆಯ, ಪಿರಿಯಾಪಟ್ಟಣದಿಂದ ಬರುತ್ತಿದ್ದ ಲೇತ್ ಶಾಪಿನವನು, ಇನ್ನೂ ಒಬ್ಬಿಬ್ಬರು. ಭಾನುವಾರ ಬಂತೆಂದರೆ ಗ್ಯಾರೇಜಿನ ಹೊಂಗೆ ಮರದ ಕೆಳಗೆ ಸೇರುತ್ತಿದ್ದೆವು. ಅಲ್ಲಿ ನಡೆಯುತ್ತಿದ್ದ ಕಿತಾಪತಿ ಒಂದೆರಡಲ್ಲ. ಒಬ್ಬನ ಗಾಡಿಯ ಚಕ್ರ ಮುಚ್ಚುವ ವೀಲ್ ಕಪ್ಪಿನೊಳಗೆ ನಟ್ಟುಗಳನ್ನು ಹಾಕಿ, ಅವನು ಕಟಕಟ ಸದ್ದಿಗೆ ಹೆದರಿ ದಾರಿಯುದ್ದಕ್ಕೂ ಇಳಿದಿಳಿದು ನೋಡುವಂತೆ ಮಾಡುವುದು. ಇನ್ನೊಬ್ಬ ಟೀ ಕುಡಿಯಲು ಹೋದಾಗ ಹಿಂದಿನ ಆಕ್ಸಲ್ಲಿಗೆ ಇಟ್ಟಿಗೆ ಕೊಟ್ಟು ಚಕ್ರವನ್ನು ನೆಲದಿಂದ ಬೆರಳಷ್ಟು ಎತ್ತಿಡುವುದು. ಅವನು ಬಂದು ಗೇರ್ ಹಾಕಿ ಆಕ್ಸಿಲೇಟರ್ ತುಳಿದಷ್ಟೂ ಚಕ್ರ ತಿರುಗುತ್ತಿತ್ತು, ಗಾಡಿ ಮಾತ್ರ ಅಲ್ಲೇ. ಸರ್ವೀಸ್ ಮುಗಿದ ಗಾಡಿಯ ಸೀಟಿನ ಮೇಲೆ ಯಾವುದೋ ಒಂದು ಬೋಲ್ಟ್ ಇಟ್ಟು, "ಇದೊಂದು ಮಿಕ್ಕೋಯ್ತು ಕಣ್ಲಾ, ಎಲ್ಲಿದೋ ಗೊತ್ತಾಗ್ಲಿಲ್ಲ" ಎಂದು ಓನರಿನ ಮುಖ ನೋಡುವುದು. ಕೈಕಾಲು ಮುರಿಯಬಹುದಾಗಿದ್ದ ಆಟಗಳೂ ಇದ್ದವು, ನಮ್ಮ ಅದೃಷ್ಟಕ್ಕೆ ಮುರಿಯಲಿಲ್ಲ. ನಕ್ಕು ಸುಸ್ತಾದ ಮೇಲೆ ಎಲ್ಲರೂ ಗಾಡಿ ತೆಗೆದು ಕಾಕನಕೋಟೆ ಕಡೆಗೆ ಹೋಗುತ್ತಿದ್ದೆವು. ಅಲ್ಲಿ ಏನು ಕೆಲಸ? ಒಂದೂ ಇಲ್ಲ. ಟೀ ಕುಡಿದು ವಾಪಸ್ ಬರುತ್ತಿದ್ದೆವು.

ಸಾಮಿಲ್ ಗೆಳೆಯನ ಶರ್ಟಿನ ಜೇಬಿನಲ್ಲಿ ವಾರವೆಲ್ಲ ಒಂದು ರೋಟರ್ ಇರುತ್ತಿತ್ತು. ಅವನದೇ ಪದ್ಮಿನಿ ಕಾರಿನದು. ಬೆಳಿಗ್ಗೆ ಅದನ್ನು ಕಿತ್ತುಕೊಂಡು, ಕಾರನ್ನು ಮನೆಯಲ್ಲೇ ಬಿಟ್ಟು, ಸ್ಕೂಟರಿನಲ್ಲಿ ಸಾಮಿಲ್ಲಿಗೆ ಹೋಗುತ್ತಿದ್ದ. ಕಳ್ಳರ ಕಾಟ ಅನ್ನುತ್ತಿದ್ದನಾದರೂ ನಿಜ ಎಲ್ಲರಿಗೂ ಗೊತ್ತಿತ್ತು. ಅವನ ಹೆಂಡತಿಗೆ ಗಾಡಿ ಓಡಿಸಲು ಬರುತ್ತಿತ್ತು. ಮದುವೆಯಾದ ಹೊಸದರಲ್ಲಿ ಆಕೆ ಯಾರನ್ನೂ ಕೇಳದೆ ಕಾರು ತೆಗೆದುಕೊಂಡು ತೌರಿಗೆ, ಅಂತರಸಂತೆಗೆ, ಹೋಗಿ ಬಂದಿದ್ದರಂತೆ. ಅಂದಿನಿಂದ ರೋಟರ್ ಜೇಬು ಸೇರಿತು. ನಾವು, "ಎಲ್ಲಿ, ಮನೆ ಬೀಗ ತೋರ್ಸು" ಎಂದು ಅವನ ಜೇಬು ತಟ್ಟಿ ನಗುತ್ತಿದ್ದೆವು. ಅವನೂ ನಗುತ್ತಿದ್ದ.

ಆಕೆಯನ್ನು ನಾನು ಅಕ್ಕ ಎಂದೇ ಕರೆಯುತ್ತಿದ್ದೆ. ಒಂದು ಮಧ್ಯಾಹ್ನ ಸೊಪ್ಪಿನ ಚೀಲ ಹಿಡಿದುಕೊಂಡು ಅಂಗಡಿಗೆ ಬಂದು, "ಅಣ್ಣ, ಪದ್ಮಿನಿಗೆ ರೋಟರ್ ಇದ್ದದಾ?" ಎಂದು ಕೇಳಿದರು.

"ಯಾಕಕ್ಕ, ಯಜಮಾನ್ರು ಕಳ್ಕೊಂಡ್ರಾ?"

"ಅವರತ್ರ ಐತೆ. ನನ್ನತ್ರ ಇಲ್ಲ."

ನನಗೆ ನಗಲಾಗಲಿಲ್ಲ. ರೋಟರ್ ತೆಗೆದುಕೊಟ್ಟೆ. ಅಕ್ಕ ಅದನ್ನು ಬೆಳಕಿಗೆ ಹಿಡಿದು, ಬಿರುಕಿದೆಯೇ ಎಂದು ನೋಡಿ, ಸೊಪ್ಪಿನ ಅಡಿಯಲ್ಲಿ ಇಟ್ಟುಕೊಂಡು ಹೋದರು. ಇನ್ನೊಂದು ಬೇಕಾದರೆ ಇರಲಿ ಎಂದು ಮೈಸೂರಿನಿಂದ ಮತ್ತೊಂದನ್ನು ತರಿಸಿಟ್ಟೆ.

ಆಮೇಲೆ ಆಗೀಗ ಬರುತ್ತಿದ್ದರು, ಫ್ಯಾನ್ ಬೆಲ್ಟ್‌ಗೋ ಬಲ್ಬ್‌ಗೋ. ಗೆಳೆಯ ಸಾಮಿಲ್ಲಿಗೆ ಹೋದ ಮೇಲೆ, ಪೇಟೆ ಊಟ ಮಾಡಿ ತೂಕಡಿಸುವ ಹೊತ್ತಿನಲ್ಲಿ, ಅಕ್ಕ ತಮ್ಮ ರೋಟರ್ ಹಾಕಿ ಗಾಡಿ ತೆಗೆಯುತ್ತಿದ್ದರು. ಅವನು ಬರುವಷ್ಟರಲ್ಲಿ ಗಾಡಿ ಶೆಡ್ಡಿನಲ್ಲಿ, ರೋಟರ್ ಅಕ್ಕಿ ಡಬ್ಬದಲ್ಲಿ. ಎಲ್ಲಿಗೆ ಹೋಗುತ್ತೀರಿ ಅಕ್ಕ ಎಂದು ಒಮ್ಮೆ ಕೇಳಿದ್ದೆ.

"ಎಲ್ಲಿಗೂ ಇಲ್ಲ ಕಣಣ್ಣ. ಕಟ್ಟೆಮಳಲವಾಡಿ ಗಂಟ ಓಗಿ ತಿರುಗಿಸ್ಕಂಡ್ ಬತ್ತೀನಿ. ಅಲ್ಲಿ ಗದ್ದೆ ಬಯಲಲ್ಲಿ ರಸ್ತೆ ನೇರ ಐತಲ್ಲ, ನಾಕ್ನೇ ಗೇರಿಗೆ ಬಿದ್ರೆ ಗಾಡಿ ಸದ್ದೇ ಬೇರೆ ಆಯ್ತದೆ. ಅದನ್ನ ಕೇಳ್ಕಂಡ್ ಬಂದ್ರೆ ಸಾಕು, ಮನೇಲಿ ಎಲ್ಲಾನೂ ತಡ್ಕಬೋದು."

ಆ ಸದ್ದು ನನಗೂ ಗೊತ್ತಿತ್ತು. ಗುಂಪಿನ ಪ್ರತಿಯೊಬ್ಬನಿಗೂ ಗೊತ್ತಿತ್ತು, ನಾವೂ ಅದಕ್ಕೇ ಕಾಕನಕೋಟೆಗೆ ಹೋಗುತ್ತಿದ್ದದ್ದು. ಕಾಡಂಚಿನಲ್ಲಿ ಅಪ್ಪನ ಹಳೇ ಜೀಪಿನಲ್ಲಿ ಕಲಿತದ್ದು ಎಂದು ಹೇಳುವಾಗ ಅಕ್ಕನ ಮುಖವೇ ಬೇರೆಯಾಗುತ್ತಿತ್ತು... ಮರುಗಳಿಗೆಯಲ್ಲಿ ಗೋಡೆ ಗಡಿಯಾರ ನೋಡಿ ಎದ್ದುಬಿಡುತ್ತಿದ್ದರು.

ಒಂದು ಭಾನುವಾರ ಗೆಳೆಯನ ಪದ್ಮಿನಿ ಸರ್ವೀಸಿಗೆ ಬಂದಿತ್ತು. ನಾನು ನೆಂಟರ ಮನೆಗೆ ಕೆ.ಆರ್. ನಗರಕ್ಕೆ ಹೋಗಿದ್ದೆ. ಆ ದಿನ ಲೇತಿನವನು ತನ್ನ ಜಾಣತನವನ್ನೆಲ್ಲ ಖರ್ಚು ಮಾಡಿದ. ಯಾವುದೋ ಟೆಂಪೊದಿಂದ ಬಿಚ್ಚಿದ ಹಳೇ ಹಾರ್ನನ್ನು ಬಾನೆಟ್ಟಿನೊಳಗೆ ಕಾಣದಂತೆ ಕೂರಿಸಿ ಬ್ರೇಕಿಗೆ ಸೇರಿಸಿಟ್ಟ. ಮೆಲ್ಲಗೆ ತುಳಿದರೆ ಏನೂ ಇಲ್ಲ. ಜೋರಾಗಿ ತುಳಿದರೆ ಹಾರ್ನ್ ಶುರು, ಶುರುವಾದರೆ ವೈರ್ ಕೀಳುವವರೆಗೂ ನಿಲ್ಲುವಂತಿಲ್ಲ. ಸಾಮಿಲ್ಲಿನವನು ಬ್ರೇಕ್ ತುಳಿಯುವುದು ನೆಲ ಗುದ್ದುವ ಹಾಗೆ, ಹಾಗಾಗಿ ಆಟ ಅವನಿಗೆಂದೇ ಹೊಲಿದ ಅಂಗಿಯಾಗಿತ್ತು. ಸಂಜೆ ಗ್ಯಾರೇಜಿನ ಹುಡುಗ ಕಾರನ್ನು ಮೆಲ್ಲಗೆ ಅವನ ಮನೆಗೆ ತಂದು ಬಿಟ್ಟ. ಆದರೆ ಆ ವಾರ ಗೆಳೆಯ ಕಾರು ತೆಗೆಯಲೇ ಇಲ್ಲ.

ಅಕ್ಕನದು ನಯವಾದ ಕೈ, ನಯವಾದ ಕಾಲು. ಅದೇ ವಾರ ಒಂದು ಮಧ್ಯಾಹ್ನ ಗಾಡಿ ತೆಗೆದಾಗ, ಕಟ್ಟೆಮಳಲವಾಡಿಗೆ ಹೋಗಿ ಬರುವವರೆಗೂ ಏನೂ ಆಗಲಿಲ್ಲ. ಮನೆಗೆ ತಿರುಗಲು ದೊಡ್ಡ ರಸ್ತೆಯಲ್ಲಿ ಸ್ವಲ್ಪ ದೂರ ಬರಲೇಬೇಕಿತ್ತು. ಅಲ್ಲಿ ಒಂದು ಬಸ್ಸು ಏಕಾಏಕಿ ನಿಂತಿತು. ಅಕ್ಕ ಬ್ರೇಕ್ ತುಳಿದರು.

ತೂಕಡಿಸುತ್ತಿದ್ದ ಪೇಟೆಯೆಲ್ಲ ಎದ್ದು ಕೂತಿತು. ನಾನು ಹೊರಗೆ ಬಂದು ನೋಡಿದರೆ ಹಾರ್ನ್ ಬಡಿದುಕೊಳ್ಳುತ್ತಲೇ ಬರುತ್ತಿರುವ ಪದ್ಮಿನಿ. ಹೋಟೆಲಿನವರು, ದರ್ಜಿ, ಬಸ್ಸಿನ ಕಿಟಕಿಗಳಲ್ಲಿ ಇದ್ದವರು, ಎಲ್ಲರೂ ಸ್ಟೇರಿಂಗ್ ಹಿಡಿದವರು ಯಾರೆಂದು ಬಗ್ಗಿ ನೋಡುತ್ತಿದ್ದರು. ಗಾಜಿನ ಹಿಂದೆ ಅಕ್ಕನ ಮುಖ... ಎಲ್ಲಿಗೂ ಓಡಲಾಗದ, ನಿಲ್ಲಲೂ ಆಗದ ಮುಖ. ಅವರಿಗೆ ಗೊತ್ತಿದ್ದ ಜಾಗ ನನ್ನ ಅಂಗಡಿ ಒಂದೇ. ಅಲ್ಲಿಗೇ ತಂದು ನಿಲ್ಲಿಸಿದರು.

ಬಾನೆಟ್ ಎತ್ತಿ ವೈರ್ ಕಿತ್ತೆ. ಸದ್ದು ನಿಂತಾಗ ಸುತ್ತ ಜನ ತುಂಬಿದ್ದರು.

"ಏನಣ್ಣ ಇದು?" ಎಂದರು ಅಕ್ಕ.

"ಯಾವನೋ ತಮಾಷೆ ಮಾಡವ್ನೆ ಅಕ್ಕ."

"ನನಗಾ?"

ನಿಮಗಲ್ಲ ಎಂದೆ. ಅದರಿಂದ ಏನು ಬಂತು? ಅಕ್ಕ ಜನರನ್ನೊಮ್ಮೆ ನೋಡಿ, ಗೇರ್ ಹಾಕಿ, ಒಂದು ಜರ್ಕೂ ಇಲ್ಲದೆ ಗಾಡಿ ಎತ್ತಿಕೊಂಡು ಹೋದರು. ಅಷ್ಟು ಚೆನ್ನಾಗಿ ಗಾಡಿ ಎತ್ತುವವರು ನಮ್ಮ ಗುಂಪಿನಲ್ಲಿ ಒಬ್ಬನೂ ಇರಲಿಲ್ಲ.

ಸಂಜೆ ಗ್ಯಾರೇಜಿನಲ್ಲಿ ಲೇತಿನವನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಗೆಳೆಯನೂ ಮೊದಲು ನಕ್ಕ. ಆಮೇಲೆ ನಗು ನಿಲ್ಲಿಸಿ, "ಅದ್ಸರಿ, ಅವ್ಳು ಎಲ್ಲಿಗೆ ಓಗಿದ್ಲು?" ಎಂದ. ಒಬ್ಬೊಬ್ಬನ ತಲೆಯಲ್ಲೂ ಏನು ಓಡುತ್ತಿದೆ ಎಂದು ನನಗೆ ಕಾಣುತ್ತಿತ್ತು, ಮೈ ಉರಿದುಹೋಯಿತು.

"ಎಲ್ಲಿಗೂ ಇಲ್ಲ ಕಣ್ಲಾ. ನಮ್ಮಂಗೇ. ಸುಮ್ನೆ ಓಡಿಸ್ಕಂಡ್ ಬತ್ತಾರೆ," ಎಂದೆ.

"ನಿಂಗೆಂಗ್ ಗೊತ್ತು?"

ರೋಟರ್ ಕೊಟ್ಟವನು ನಾನೇ ಎಂದು ಹೇಳಿದೆ. ನಿಜ ಹೇಳಿದರೆ ಅನುಮಾನ ಹೋಗುತ್ತದೆಂದು ನಾನಂದುಕೊಂಡಿದ್ದೆ. ಅದು ಇನ್ನೊಂದು ಸುತ್ತು ಬಿಗಿಯಿತು. ಗಾಡಿ ನಿಂತದ್ದು ನನ್ನ ಅಂಗಡಿ ಮುಂದೆ, ರೋಟರ್ ನನ್ನದು, ಗುಟ್ಟು ನನಗೊಬ್ಬನಿಗೇ ಗೊತ್ತು. "ಎಂಗಸ್ರು ಸುಮ್ನೆ ಯಾಕ್ಲಾ ಗಾಡಿ ಓಡಿಸ್ತಾರೆ?" ಎಂದು ಕೇಳಿ ಗೆಳೆಯ ಎದ್ದು ಹೋದ. ಮತ್ತೆ ನನ್ನ ಅಂಗಡಿಗೆ ಬರಲಿಲ್ಲ. ಪದ್ಮಿನಿ ಬೇಗನೆ ಮಾರಾಟವಾಯಿತು. ಲೇತಿನವನು ತನ್ನ ಹಾರ್ನನ್ನು ಬಿಚ್ಚಿಕೊಂಡು ಹೋದ.

ನನಗೂ ಅಕ್ಕನಿಗೂ ಸಂಬಂಧ ಕಟ್ಟಿದ ಊರಿನ ಬಾಯಿ ಮುಚ್ಚಲು ನಾನೊಂದು ಮಾತಾಡಿದರೆ ಅದು ಅಕ್ಕನಿಗೇ ತಿರುಗುತ್ತಿತ್ತು. ಆಡದಿದ್ದರೆ, ಇರಬೇಕು ಬಿಡು ಅನ್ನುತ್ತಿದ್ದರು. ಅಕ್ಕ ಆ ಮನೆಯಲ್ಲಿ ಹಾಗೇ ಉಳಿದರು. ನಾನು ಅದೇ ಬೀದಿಯಲ್ಲಿ ಓಡಾಡಿಕೊಂಡು ಸಿಕ್ಕಿಬಿದ್ದವನಂತೆಯೇ ಇದ್ದೆ. ಒಮ್ಮೆ ಸಂತೆಯಲ್ಲಿ ಟೊಮೆಟೊ ರಾಶಿಯ ಆಚೆ ಈಚೆ ಎದುರಾದೆವು. ಅಕ್ಕ ಏನೋ ಹೇಳಲು ಬಾಯಿ ತೆರೆದರು, ಪಕ್ಕದಲ್ಲಿ ಅವರ ನಾದಿನಿ ಇದ್ದರು, ಬಾಯಿ ಮುಚ್ಚಿಕೊಂಡರು. ನಾನೂ ಬೇಡದ ಹುರುಳಿಕಾಯಿ ಆರಿಸುತ್ತ ನಿಂತೆ. ಏನು ಹೇಳಲಿದ್ದರೋ... ಚೆನ್ನಾಗಿದ್ದೀರಾ ಅಣ್ಣ ಅಂತಷ್ಟೇ ಇರಬಹುದು. ಅದನ್ನು ಕೇಳುವ ಧೈರ್ಯವೂ ನಮಗಿಬ್ಬರಿಗೂ ಉಳಿದಿರಲಿಲ್ಲ.

ಅಕ್ಕ ಈಗಿಲ್ಲ. ಈ ವರ್ಷವೇ ತೀರಿಕೊಂಡರು. ಯಾರು ಏನಾದರೂ ಅಂದುಕೊಳ್ಳಲಿ ಎಂದು ತಿಥಿಗೆ ಹೋದೆ. ಶಾಮಿಯಾನದ ಕೆಳಗೆ ಗೆಳೆಯ ಕುರ್ಚಿಯಲ್ಲಿ ಕೂತಿದ್ದ. ಕಣ್ಣು ಸರಿಯಾಗಿ ಕಾಣದೆ ಗಾಡಿ ಬಿಟ್ಟು ಎಷ್ಟೋ ವರ್ಷವಾಗಿದೆಯಂತೆ. ನನ್ನ ದನಿ ಗುರುತು ಹಿಡಿದು ಕೈ ಹಿಡಿದುಕೊಂಡ. ಬಹಳ ಹೊತ್ತು ಬಿಡಲಿಲ್ಲ. ಊಟಕ್ಕೆ ಜನ ಎದ್ದ ಮೇಲೆ ಹತ್ತಿರ ಎಳೆದುಕೊಂಡ.

"ಈಗ ಅವ್ಳೇ ಇಲ್ಲ. ನಾನ್ ಯಾರ್ ಮ್ಯಾಲೆ ಕ್ವಾಪ ಮಾಡ್ಕಳ್ಳಿ? ಅವತ್ತು ಎಲ್ಲಿಗೆ ಓಗಿದ್ಲು, ಏಳ್ಬುಡು."

"ಎಲ್ಲಿಗೂ ಇಲ್ಲ ಕಣೋ. ಸುಮ್ನೆ ಓಡಿಸ್ಕಂಡ್ ಬಂದಿದ್ರು. ನಾವು ಓಯ್ತಿರ್ಲಿಲ್ವಾ, ಅಂಗೆ."

ಅವನು ನನ್ನ ಕೈ ಬಿಟ್ಟ.

"ಏಳ್ಬ್ಯಾಡ ಬುಡು," ಎಂದ. "ಅವ್ಳೂ ಸಾಯೋ ಗಂಟ ಇದ್ನೇ ಏಳಿದ್ಲು."