ಎಡಗಡೆಯ ಕೆಳಗಿನ ಬೋಲ್ಟು

ಡೀಸೆಲ್ಲಿನಲ್ಲಿ ನೆನೆಹಾಕಿದ ಹಳೆಯ ಗ್ರೀಸಿನ ವಾಸನೆ ಒಮ್ಮೆ ಮೂಗಿಗೆ ಹತ್ತಿದರೆ ಬೇಗ ಬಿಡುವುದಿಲ್ಲ. ಕಳೆದ ತಿಂಗಳು ಪಕ್ಕದ ಮನೆಯವನು ತನ್ನ ಹಳೆಯ ಪಿಕಪ್ ಗಾಡಿಯ ಮುಂಭಾಗವನ್ನು ಅಂಗಳದಲ್ಲೇ ಬಿಚ್ಚಿಕೊಂಡು ಕೂತಿದ್ದ. ಅರ್ಧ ಕತ್ತರಿಸಿದ ಎಣ್ಣೆ ಕ್ಯಾನಿನಲ್ಲಿ ಬೋಲ್ಟು, ನಟ್ಟು, ವಾಷರುಗಳೆಲ್ಲ ಒಟ್ಟಿಗೇ ಮುಳುಗಿದ್ದವು. ಕುರಿಗಳಿಗೆ ಸೊಪ್ಪು ಹಾಕಿ ಆ ದಾರಿಯಲ್ಲಿ ಬರುತ್ತಿದ್ದವಳು ಹಾಗೇ ನಿಂತುಬಿಟ್ಟೆ.

ಅವನು ಒಂದೊಂದೇ ಬೋಲ್ಟನ್ನು ಎತ್ತಿ, ತೂತಿಗೆ ತೂರಿಸಿ, ಆಗದಿದ್ದರೆ ಮತ್ತೆ ಕ್ಯಾನಿಗೆ ಎಸೆಯುತ್ತಿದ್ದ. "ಯಾವ್ದು ಎಲ್ಲೀದು ಅಂತ ಒಂದೂ ತಿಳೀವಲ್ದು ಚಿಗವ್ವ" ಅಂದ. ನಾನು ಸೆರಗು ಸಿಕ್ಕಿಸಿಕೊಂಡು ಕುಕ್ಕರಗಾಲಲ್ಲಿ ಕೂತೆ. ಗೋಣಿಚೀಲ ಹಾಸಿ ಎಲ್ಲವನ್ನೂ ಒರೆಸಿದೆ. ಉದ್ದದವು ಚಕ್ರ ಹಿಡಿಯುವ ಕೆಳಗಿನ ಆರ್ಮಿನವು, ಗಿಡ್ಡವು ಮೇಲಿನವು. ಚೀಲದ ಎಡಕ್ಕೆ ಎಡಗಡೆಯವು, ಬಲಕ್ಕೆ ಬಲಗಡೆಯವು, ಪ್ರತಿಯೊಂದರ ಪಕ್ಕದಲ್ಲಿ ಅದರದೇ ವಾಷರು. ಅವನು ನನ್ನ ಮುಖವನ್ನೇ ನೋಡಿದ. "ಇದನ್ನೆಲ್ಲ ನಿಮಗ ಯಾರು ಕಲಿಸಿದ್ರು ಚಿಗವ್ವ?"

ಗೋಣಿಚೀಲದ ಅಂಚಿಗೆ ಕೈ ಒರೆಸಿಕೊಂಡು ಎದ್ದು ಬಂದೆ. ಕೈಗೆ ಎಷ್ಟು ಸಬೀನಾ ಪುಡಿ ಹಾಕಿ ತಿಕ್ಕಿದರೂ ಆ ವಾಸನೆ ಎರಡು ದಿನ ಹೋಗಲಿಲ್ಲ...

ಕಲಿಸಿದವರು ಒಬ್ಬ ಮೇಸ್ತ್ರಿ. ಶಿಕಾರಿಪುರದಲ್ಲಿ ನನ್ನ ತವರುಮನೆಯ ಹಿತ್ತಿಲ ಗೋಡೆಯಾಚೆಗೇ ಅವರ ಗ್ಯಾರೇಜು. ತಗಡಿನ ಮಾಡು, ಮುಂದೆ ಒಂದು ಬೇವಿನ ಮರ, ಅಷ್ಟೇ. ಅವರು ಮೂಲತಃ ಸೊರಬದ ಕಡೆಯವರು, ಕುಪ್ಪಗಡ್ಡೆಯವರು. ನಮ್ಮ ಕಡೆಯವರ ಒರಟು ಮಾತಿನ ನಡುವೆ ಅವರ ಮಾತು ಬೇರೆಯಾಗಿ ಕೇಳಿಸುತ್ತಿತ್ತು. ನಾನು ಅವರನ್ನು ಮೇಸ್ತ್ರಣ್ಣ ಅನ್ನುತ್ತಿದ್ದೆ. ಅವರು ನನ್ನನ್ನು ತಂಗಿ ಅನ್ನುತ್ತಿದ್ದರು.

ಉಡುತಡಿಯ ಹತ್ತಿರದ ಊರಿಗೆ ನನ್ನನ್ನು ಕೊಟ್ಟಿದ್ದರು. ಗಂಡನ ಮನೆಯಲ್ಲಿ ಹೊಲ, ಕುರಿ, ಜೊತೆಗೆ ಒಂದು ಹಳೆಯ ಪಿಕಪ್ಪು. ಕುರಿ ಸಾಗಿಸಲು, ಗೊಬ್ಬರ ತರಲು, ಜನರನ್ನು ಕರೆದೊಯ್ಯಲು ಎಲ್ಲಕ್ಕೂ ಅದೇ. ಹದಿನಾರು ವರ್ಷದ ಹಿಂದಿನ ಮಾತು. ಅವ್ವನಿಗೆ ಕಾಮಾಲೆಯಾಗಿ ನಾನು ತವರಿಗೆ ಬಂದಿದ್ದೆ. ಅದೇ ವಾರ ಗಾಡಿಯ ಮುಂಭಾಗದಲ್ಲಿ ಕಟಕಟ ಸದ್ದು ಬರುತ್ತಿದೆಯೆಂದು ನನ್ನ ಗಂಡ ಅದನ್ನು ಮೇಸ್ತ್ರಣ್ಣನ ಬಳಿ ಬಿಟ್ಟು, ಕುರಿ ಕಾಯಲು ಜನವಿಲ್ಲವೆಂದು ಊರಿಗೆ ಹೋದರು.

ಅವ್ವ ಮಲಗಿದ ಮೇಲೆ ನನಗೆ ಬೇರೆ ಕೆಲಸವಿರಲಿಲ್ಲ. ಬೇವಿನ ನೆರಳಿನಲ್ಲಿ ಟೈರಿನ ಮೇಲೆ ಕೂತು ನೋಡುತ್ತಿದ್ದೆ. ಹೆಂಗಸು ಬಂದು ಕೂತಳೆಂದು ಅವರು ಮುಖ ಗಂಟಿಕ್ಕಲಿಲ್ಲ. ನಾನು ಕೇಳಿದ್ದಕ್ಕೆಲ್ಲ ಹೇಳಿದರು. ಚಕ್ರವನ್ನು ಗಾಡಿಯ ಚೌಕಟ್ಟಾದ ಚಾಸಿಗೆ ಹಿಡಿದು ನಿಲ್ಲಿಸುವ ಎರಡು ತೋಳುಗಳನ್ನು, ಅಂದರೆ ಆರ್ಮುಗಳನ್ನು ತೋರಿಸಿದರು, ಮೇಲಿನದೊಂದು, ಕೆಳಗಿನದೊಂದು. ಅವುಗಳ ಬುಡದಲ್ಲಿ ರಬ್ಬರಿನ ಬುಷ್ಷು. ಬುಷ್ಷಿನ ನಡುವೆ ಹಾಯುವ ಬೋಲ್ಟಿನ ಮೇಲೇ ತೋಳು ಮೇಲೆ ಕೆಳಗೆ ಆಡಬೇಕು. ಬಿಚ್ಚಿದ್ದನ್ನೆಲ್ಲ ಗೋಣಿಚೀಲದ ಮೇಲೆ ಗಾಡಿಯಲ್ಲಿದ್ದ ಹಾಗೇ ಜೋಡಿಸುತ್ತಿದ್ದರು. ಮೂರನೆಯ ದಿನಕ್ಕೆ, "ತಂಗಿ, ಇದು ಎಲ್ಲೀದು ಹೇಳು" ಎಂದು ಬೋಲ್ಟೊಂದನ್ನು ನನ್ನ ಕೈಗಿಡುವಷ್ಟಾಗಿತ್ತು. ನಾನು ಹೇಳುತ್ತಿದ್ದೆ. ಸರಿಯಾದರೆ ತಲೆಯಾಡಿಸುತ್ತಿದ್ದರು. ಮನೆಯಲ್ಲಾಗಲಿ ಶಾಲೆಯಲ್ಲಾಗಲಿ ನನಗೆ ಅಷ್ಟು ತಾಳ್ಮೆಯಿಂದ ಯಾರೂ ಏನನ್ನೂ ಹೇಳಿಕೊಟ್ಟಿರಲಿಲ್ಲ.

ಎಡಗಡೆಯ ಕೆಳಗಿನ ಆರ್ಮಿನ ಬೋಲ್ಟು ಹೊರಬಂದಾಗ ಅವರ ಮುಖ ಬದಲಾಯಿತು. ಅದನ್ನು ಬಲಗಡೆಯದರ ಪಕ್ಕದಲ್ಲಿಟ್ಟು ನನ್ನನ್ನು ಕರೆದರು.

"ನೋಡು ಮಾರಾಯ್ತಿ. ಸರಿ ಬೋಲ್ಟಿಗೆ ಹೊಟ್ಟೆ ನುಣ್ಣಗಿರ್ತದೆ, ಥ್ರೆಡ್ಡು ಬಾಲದಲ್ಲಿ ಮಾತ್ರ. ಇದಕ್ಕೆ ತಲೆಯಿಂದ ಬಾಲದವರೆಗೂ ಥ್ರೆಡ್ಡು. ತಲೆ ಮೇಲೆ ಗಟ್ಟಿತನದ ಅಂಕಿನೂ ಇಲ್ಲ. ಇದು ಯಾವ್ದೋ ಗೇಟಿಗೆ ಹಾಕೋ ಬೋಲ್ಟು. ಯಾರು ಹಾಕಿದ್ರಿದನ್ನ?"

ಯಾರು ಹಾಕಿದ್ದೆಂದು ನನಗೆ ಗೊತ್ತಿರಲಿಲ್ಲ. ಎಲ್ಲಿಯೋ ದಾರಿಯಲ್ಲಿ ಕೆಟ್ಟು ನಿಂತಾಗ ಸಿಕ್ಕಿದ್ದನ್ನು ಹಾಕಿಸಿಕೊಂಡು ಬಂದಿದ್ದಿರಬೇಕು. ಆ ಥ್ರೆಡ್ಡಿನ ಸುರುಳಿ ಹಲ್ಲುಗಳು ಅರದಂತೆ ತೂತನ್ನು ಒಳಗಿಂದ ತಿಂದಿದ್ದವು. ಬೋಲ್ಟಿನ ನಡುವಿನಲ್ಲೊಂದು ಕೂದಲೆಳೆಯಂಥ ಸೀಳು. ಅವರು ನನ್ನ ಉಗುರನ್ನು ಅದರ ಮೇಲೆ ಹಾಯಿಸಿ ತೋರಿಸಿದರು.

ಆ ಮಾದರಿಯ ಗಾಡಿ ಬರುವುದು ನಿಂತು ಬಹಳ ವರ್ಷವಾಗಿತ್ತು. ಊರಿನ ಯಾವ ಅಂಗಡಿಯಲ್ಲೂ ಅದರ ಬೋಲ್ಟು ಸಿಗಲಿಲ್ಲ. ಸೊರಬದಲ್ಲಿ ಪರಿಚಯದವರೊಬ್ಬರ ಹಿತ್ತಿಲಲ್ಲಿ ಅಂಥದೇ ಗಾಡಿ ಗುಜರಿಯಾಗಿ ನಿಂತಿದೆ, ಬಸ್ಸಿಗೆ ಹೋಗಿ ಬಿಚ್ಚಿಕೊಂಡು ಬರುತ್ತೇನೆ ಎಂದರು. ಗ್ಯಾರೇಜಿನಲ್ಲಿ ಬೇರೆಯವರ ಟ್ರ್ಯಾಕ್ಟರಿಗೆ ಜಾಗ ಬೇಕಿತ್ತು. ಹಾಗಾಗಿ ಅದೇ ಹಳೆಯ ಬೋಲ್ಟನ್ನು ತೂರಿಸಿ, ನಟ್ಟನ್ನು ಕೈಯಲ್ಲೇ ತಿರುವಿ, ಗಾಡಿಯನ್ನು ನಮ್ಮ ಹಿತ್ತಿಲಿಗೆ ತಳ್ಳಿ ನಿಲ್ಲಿಸಿದರು. ಚಾವಿಯನ್ನು ನನ್ನ ಕೈಗೆ ಕೊಟ್ಟರು.

"ಇದು ಗಾಡಿ ಜರುಗ್ಸಕ್ಕೆ ಅಷ್ಟೇ ಹಾಕಿದ್ದು ತಂಗಿ. ನಾಳೆ ಸಂಜೆಗೆ ಸರಿ ಬೋಲ್ಟು ತರ್ತೀನಿ. ಅಲ್ಲೀತನಕ ಯಾರು ಕೇಳಿದ್ರೂ ಗಾಡಿ ತೆಗೆಯಕ್ಕೆ ಬಿಡಬೇಡ. ಆತಾ?"

"ಆತು ಮೇಸ್ತ್ರಣ್ಣ" ಅಂದೆ.

ಮರುದಿನ ಬೆಳಿಗ್ಗೆ ನನ್ನ ಗಂಡ, ಮೈದುನ ಇಬ್ಬರೂ ಮೊದಲ ಬಸ್ಸಿಗೇ ಬಂದರು. ಮೈದುನನ ಮದುವೆ ಗೊತ್ತಾಗಿತ್ತು. ಲಗ್ನಪತ್ರಿಕೆ ಅಚ್ಚಾಗಿ ಬಂದಿತ್ತು. ಮೊದಲನೆಯದನ್ನು ಚಂದ್ರಗುತ್ತಿಯ ಗುಡಿಯ ಅಮ್ಮನ ಮುಂದೆ ಇಡದೆ ಒಂದನ್ನೂ ಹಂಚಕೂಡದೆಂದು ಅತ್ತೆಯ ಅಪ್ಪಣೆ. ಗಾಡಿ ಹಿತ್ತಿಲಲ್ಲೇ ಇದೆ, ಹೋಗಿ ಮಧ್ಯಾಹ್ನಕ್ಕೆ ಬಂದರಾಯಿತು ಅಂದರು ಇವರು. ನಾನು ಹಿತ್ತಿಲ ಬಾಗಿಲಲ್ಲಿ ನಿಂತು ಮೇಸ್ತ್ರಣ್ಣ ಹೇಳಿದ್ದನ್ನೆಲ್ಲ ಹೇಳಿದೆ. ಸೀಳಿನ ವಿಷಯವನ್ನೂ ಹೇಳಿದೆ.

"ಮೇಸ್ತ್ರಿಗಳು ಹಂಗ ಅಂತಾರ. ಬೋಲ್ಟ್ ಒಳಗ ಐತಿಲ್ಲೋ? ಸ್ಪ್ಯಾನರ್ ತಗಂಡು ಬಿಗಿ ಮಾಡ್ತೀನಿ, ಆತು" ಅಂದರು.

"ಬ್ಯಾಡ್ರಿ, ಬಸ್ಸಿಗ ಹೋಗಿ ಬರ್ರಿ" ಎಂದೆ. ಅವರು ಕೈ ಚಾಚಿದರು. ನಾನು ಚಾವಿ ಕೊಟ್ಟೆ.

ಸೊರಬ ದಾಟಿ ಚಂದ್ರಗುತ್ತಿಯ ದಾರಿಯ ಒಂದು ಇಳಿಜಾರಿನಲ್ಲಿ ಬೋಲ್ಟು ತುಂಡಾಯಿತು. ಎಡ ಚಕ್ರ ಒಳಕ್ಕೆ ಮಡಚಿಕೊಂಡು, ಗಾಡಿ ಚರಂಡಿಗೆ ನುಗ್ಗಿ ಮೋರಿಯ ಕಲ್ಲಿಗೆ ಬಡಿಯಿತು. ನನ್ನ ಗಂಡನಿಗೆ ಹಣೆಯ ಮೇಲೆ ನಾಲ್ಕು ಹೊಲಿಗೆ. ಎಡಗಡೆ ಕೂತಿದ್ದ ಮೈದುನನ ಕಾಲು ಜಜ್ಜಿಹೋಗಿತ್ತು. ಶಿವಮೊಗ್ಗದ ಆಸ್ಪತ್ರೆಯಲ್ಲಿ ಮೊಣಕಾಲಿನ ಕೆಳಗೆ ತೆಗೆದರು. ಅವನಿಗೆ ಆಗ ಇಪ್ಪತ್ತಾರು. ಹೆಣ್ಣಿನ ಕಡೆಯವರು ಆಸ್ಪತ್ರೆಗೆ ಒಮ್ಮೆ ಬಂದು ಹಣ್ಣು ಕೊಟ್ಟು ಹೋದರು. ಮತ್ತೆ ಬರಲಿಲ್ಲ.

ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಅತ್ತೆ ಎದೆ ಬಡಿದುಕೊಂಡು ಅಳುತ್ತಿದ್ದಾಗ ನನ್ನ ಗಂಡ ಹೇಳಿದ ಮೊದಲ ಮಾತು, "ಮೇಸ್ತ್ರಿ ಖೊಟ್ಟಿ ಬೋಲ್ಟ್ ಹಾಕ್ಯಾನವ್ವ." ಹಾಗಂದು ನನ್ನ ಕಡೆ ನೋಡಿದರು. ಬೈಗುಳದ ನೋಟವಲ್ಲ ಅದು, ಬೆದರಿಕೆಯದೂ ಅಲ್ಲ. ಬೇಡುವ ನೋಟ. ನಾನು ನೆಲ ನೋಡಿದೆ. ಆ ಸುಳ್ಳು ಅಲ್ಲಿಂದಲೇ ಶುರುವಾಯಿತು.

ಆ ವಾರವೇ ನಮ್ಮ ನೆಂಟರು ಹತ್ತು ಹನ್ನೆರಡು ಜನ ಗ್ಯಾರೇಜಿಗೆ ನುಗ್ಗಿ ಮೇಸ್ತ್ರಣ್ಣನ ಸಾಮಾನನ್ನೆಲ್ಲ ರಸ್ತೆಗೆ ಎಸೆದರು. ಜಾಕು, ನಟ್ಟು ತಿರುವುವ ಪಾನಾ, ಬೇರೆಯವರ ಗಾಡಿಯ ಭಾಗಗಳು ಎಲ್ಲವೂ ಚರಂಡಿಯಲ್ಲಿದ್ದವೆಂದು ಆಮೇಲೆ ಅವ್ವ ಹೇಳಿದಳು. ಅವರು ಒಬ್ಬರೇ ಬಗ್ಗಿ ಬಗ್ಗಿ ಹೆಕ್ಕುತ್ತಿದ್ದರಂತೆ.

ಒಂದೂವರೆ ತಿಂಗಳ ಮೇಲೆ ಗಂಡನ ಊರಿನ ಕಟ್ಟೆಯಲ್ಲಿ ಪಂಚಾಯ್ತಿ ಸೇರಿತು. ಕರೆಸಿದ್ದು ನಾವಲ್ಲ, ಮೇಸ್ತ್ರಣ್ಣ ತಾವೇ ಕೇಳಿಕೊಂಡಿದ್ದರು. ಬಸ್ಸಿಳಿದು ಒಬ್ಬರೇ ನಡೆದು ಬಂದರು. ಒಗೆದ ಬಿಳಿ ಅಂಗಿ ಹಾಕಿದ್ದರು. ಅವರನ್ನು ನಾನು ಬಿಳಿ ಅಂಗಿಯಲ್ಲಿ ನೋಡಿದ್ದು ಅದೊಂದೇ ಸಲ... ಮೈದುನನನ್ನು ಕುರ್ಚಿಯಲ್ಲಿ ಎತ್ತಿ ತಂದು ಕೂರಿಸಿದ್ದರು. ಮೇಸ್ತ್ರಣ್ಣ ಮೊದಲು ಅವನ ಕಾಲನ್ನು ನೋಡಿದರು, ಬಹಳ ಹೊತ್ತು. ಆಮೇಲೆ ಪೇಪರಿನಲ್ಲಿ ಸುತ್ತಿದ್ದ ಬೋಲ್ಟೊಂದನ್ನು ಬಿಚ್ಚಿ ಹಿರಿಯರ ಮುಂದಿಟ್ಟರು.

"ಇದು ಸರಿ ಬೋಲ್ಟು. ಇದನ್ನ ತರಕ್ಕೇ ಅವತ್ತು ಸೊರಬಕ್ಕೆ ಹೋಗಿದ್ದೆ. ಗಾಡಿ ತೆಗೀಬೇಡ ಅಂತ ಆ ತಂಗಿ ಹತ್ರ ಹೇಳಿ ಚಾವಿ ಕೊಟ್ಟಿದ್ದೆ. ಅವಳನ್ನೇ ಕೇಳ್ರಿ. ಆ ತಂಗಿ ಸುಳ್ಳು ಹೇಳೋಳಲ್ಲ."

ಕಟ್ಟೆಯ ಮೇಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಹೌದು ಎಂದರೆ ಅಣ್ಣನೇ ತಮ್ಮನ ಕಾಲು ಕಳೆದನೆಂದು ಊರೆದುರಿಗೆ ಆಗುತ್ತಿತ್ತು. ಅತ್ತೆ ತನ್ನ ದೊಡ್ಡ ಮಗನ ಮುಖವನ್ನು ಮತ್ತೆಂದೂ ನೋಡುತ್ತಿರಲಿಲ್ಲ. ಮನೆ ಒಡೆಯುತ್ತಿತ್ತು. ಹೀಗೆಲ್ಲ ನಾನು ಆಗ ಯೋಚಿಸಿದೆನೇ, ಅಥವಾ ಈ ಹದಿನಾರು ವರ್ಷಗಳಲ್ಲಿ ಕೂಡಿಸಿಕೊಂಡೆನೇ, ಈಗ ಹೇಳಲಾರೆ. ಆಗ ನನಗೆ ಕಂಡದ್ದು ಗಂಡನ ಹಣೆಯ ಮೇಲಿನ ಹೊಲಿಗೆಯ ಗುರುತು ಮಾತ್ರ.

"ನನಗೇನೂ ಹೇಳಿಲ್ಲ ಅವ್ರು" ಅಂದೆ.

ಮೇಸ್ತ್ರಣ್ಣ ಕೂಗಾಡಲಿಲ್ಲ. ಏನೋ ಲೆಕ್ಕ ತಪ್ಪಿದವರಂತೆ ನನ್ನನ್ನು ನೋಡಿದರು. "ಹೇಳಿಲ್ವಾ ತಂಗಿ?" ಎಂದು ಕೇಳಿದರು, ನಿಜವಾಗಿ ತಿಳಿಯಬೇಕೆಂಬಂತೆ. ನಾನು ಇಲ್ಲವೆಂದು ತಲೆಯಾಡಿಸಿದೆ. ಅವರು ಬೋಲ್ಟನ್ನು ಅಲ್ಲೇ ಬಿಟ್ಟು ಬಸ್ಸಿನ ದಾರಿ ಹಿಡಿದರು.

ಆಮೇಲೆ ಅವರ ಗ್ಯಾರೇಜಿಗೆ ಯಾರೂ ಗಾಡಿ ಒಯ್ಯಲಿಲ್ಲ. ಕೆಲವು ತಿಂಗಳಲ್ಲಿ ಜಾಗ ಖಾಲಿ ಮಾಡಿ ಕುಪ್ಪಗಡ್ಡೆಗೆ ಹೋದರೆಂದು ಕೇಳಿದೆ. ತವರಿಗೆ ಹೋದಾಗ ನಾನು ಹಿತ್ತಿಲ ಕಡೆ ಹೋಗುತ್ತಿರಲಿಲ್ಲ. ನಾನು, ನನ್ನ ಗಂಡ ಆ ಮಾತನ್ನು ಎಂದೂ ಎತ್ತಲಿಲ್ಲ. ಮೈದುನ ಮಾತ್ರ ಕಾಲು ನೋಯುವ ದಿನಗಳಲ್ಲಿ ಆ ಮೇಸ್ತ್ರಿಯನ್ನು ಬಾಯಿಗೆ ಬಂದಂತೆ ಬಯ್ಯುತ್ತಿದ್ದ. ನಾನು ಒಲೆಯ ಮುಂದೆ ಕೂತು ಕೇಳುತ್ತಿದ್ದೆ.

ಕಳೆದ ತಿಂಗಳು ಪಕ್ಕದ ಮನೆಯ ಅಂಗಳದಿಂದ ಎದ್ದು ಬಂದ ಮೇಲೆ ನನಗೆ ಕೂರಲಾಗಲಿಲ್ಲ. ಒಂದು ವಾರ ಒದ್ದಾಡಿ, ಸೊರಬದ ಬಸ್ಸು ಹತ್ತಿ ಕುಪ್ಪಗಡ್ಡೆಗೆ ಹೋದೆ. ಅವರು ತೀರಿಕೊಂಡು ಎರಡು ವರ್ಷವಾಗಿತ್ತು. ಅವರ ಹೆಂಡತಿ ಜಗಲಿಯಲ್ಲಿ ಮೊರ ಹಿಡಿದು ಅಕ್ಕಿ ಹಸನು ಮಾಡುತ್ತಿದ್ದರು. ನಾನು ಯಾರೆಂದು ಹೇಳಿದೆ. ಕುಡಿಯಲು ನೀರು ತಂದು ಕೊಟ್ಟರು. ಆಮೇಲೆ ಎಲ್ಲವನ್ನೂ ಹೇಳಿದೆ, ಒಂದನ್ನೂ ಬಿಡದೆ.

ಅವರು ಮೊರ ಕೆಳಗಿಟ್ಟರು.

"ಅವ್ರು ಆಮೇಲೆ ಪಾನಾ ಮುಟ್ಟಲಿಲ್ಲ. ಊರಲ್ಲಿ ಪಂಪ್‌ಸೆಟ್ ನೋಡಕ್ಕೆ ಕರೆದ್ರೂ ಹೋಗ್ತಿರಲಿಲ್ಲ. ಯಾಕೆ ಗೊತ್ತಾ? ಆ ತಂಗಿ ಸುಳ್ಳು ಹೇಳೋಳಲ್ಲ, ನಾನೇ ಹೇಳಕ್ಕೆ ಮರೆತೆ ಕಾಣ್ತದೆ ಅಂತಿದ್ರು. ಹೇಳಿದೀನಿ ಅಂತ ನನ್ನ ತಲೇಲಿದೆ, ಆದ್ರೆ ಹೇಳಿಲ್ಲ, ಇನ್ನು ನನ್ನ ತಲೇನ ಹೆಂಗೆ ನಂಬೋದು ಅಂತಿದ್ರು. ಸಾಯೋತನಕ ಅದೇ."

ನಾನು ಅವರ ಕಾಲು ಹಿಡಿಯಲು ಬಗ್ಗಿದೆ. ಅವರು ಕಾಲನ್ನು ಹಿಂದಕ್ಕೆ ಎಳೆದುಕೊಂಡರು.

"ಬೇಡ. ಇದನ್ನ ಕೇಳಬೇಕಾದವ್ರು ಹೋದ್ರು. ನನ್ನ ಹತ್ರ ಹೇಳಿ ನೀವು ಹಗುರ ಆಗಿ ಹೋಗಬೇಡಿ. ಬಸ್ಸು ನಾಲ್ಕು ಗಂಟೆಗಿದೆ."

ಮತ್ತೆ ಮೊರ ಎತ್ತಿಕೊಂಡರು. ನಾನು ಬಸ್ ಸ್ಟ್ಯಾಂಡಿನ ಕಲ್ಲಿನ ಮೇಲೆ ಎರಡು ತಾಸು ಕೂತಿದ್ದೆ...

ಮನೆಗೆ ಬಂದಾಗ ಮೈದುನ ಕುರಿದೊಡ್ಡಿಯ ಬಾಗಿಲಲ್ಲಿ ಕೋಲು ಊರಿಕೊಂಡು ಮರಿಗಳನ್ನು ಒಳಗೆ ಬಿಡುತ್ತಿದ್ದ. ಅವನಿಗೆ ಮದುವೆಯಾಗಲಿಲ್ಲ. ನಮ್ಮ ಮನೆಯಲ್ಲೇ ಇದ್ದಾನೆ. ಎಲ್ಲಿಗೆ ಹೋಗಿದ್ದಿರೆಂದು ಕೇಳಿದ. ಕುಪ್ಪಗಡ್ಡೆಗೆ ಎಂದೆ. ಇವನಿಗಾದರೂ ಹೇಳಿಬಿಡಬೇಕೆಂದು ಬಾಯಿ ತೆರೆದೆ. ಮೇಸ್ತ್ರಣ್ಣ ನನಗೆ ಹೇಳಿದ್ದರು, ನಾನು ನಿನ್ನಣ್ಣನಿಗೆ ಹೇಳಿದ್ದೆ ಎಂದೆ. ಅವನು ಮರಿಯೊಂದನ್ನು ಕೋಲಿನಿಂದ ಒಳಕ್ಕೆ ದೂಡಿ, ನನ್ನ ಕಡೆ ನೋಡದೆಯೇ ಹೇಳಿದ.

"ನನಗ ಗೊತ್ತೈತಿ ಅತ್ತಿಗಿ. ಅವತ್ತು ನಾನೂ ಹಿತ್ತಲದಾಗ ಗಾಡಿ ಪಕ್ಕ ನಿಂತಿದ್ನಲ್ಲ. ನೀವು ಅಂದಿದ್ದು ಎಲ್ಲ ಕೇಳಿಸಿತ್ತು."

"ಮತ್ತ ಕಟ್ಟಿ ಮ್ಯಾಲ ಯಾಕ ಸುಮ್ನ ಕುಂತಿ?"

"ಒಂದು ಕಾಲಾಗ ಎಲ್ಲಿಗ ಹೋಗ್ಲಿ ಅತ್ತಿಗಿ? ಅಣ್ಣನ ಮನ್ಯಾಗ ಉಣ್ಣಬೇಕಿತ್ತಲ್ಲ. ಅಣ್ಣನ್ನ ಬೈಯಾಕ ಆಗ್ತಿರ್ಲಿಲ್ಲ. ಅವರನ್ನ ಬೈದೆ."

ಅವನು ದೊಡ್ಡಿಯ ಬಾಗಿಲು ಎಳೆದು ಚಿಲಕ ಹಾಕಿದ. ಅಷ್ಟರಲ್ಲಿ ನನ್ನ ಗಂಡ ಹೊಲದಿಂದ ಬಂದು ಕಾಲು ತೊಳೆದರು. ಇಬ್ಬರಿಗೂ ತಟ್ಟೆ ಹಾಕಿ ರೊಟ್ಟಿ ಬಡಿಸಿದೆ. ಕುರಿಮರಿಯೊಂದಕ್ಕೆ ಕೆಮ್ಮು, ಸಂತೆ ಯಾವಾಗ, ಅದೇ ಮಾತು. ಮೇಸ್ತ್ರಣ್ಣ ಹೇಳಿದ್ದು ನಿಜವೆಂದು ಅಂದು ಕಟ್ಟೆಯ ಮೇಲೆ ನಮ್ಮ ಮೂವರಿಗೂ ಗೊತ್ತಿತ್ತು. ಗೊತ್ತಿಲ್ಲದೆ ಸತ್ತವರು ಅವರೊಬ್ಬರೇ. ನಾನು ಇನ್ನೊಂದು ರೊಟ್ಟಿ ಬೇಕೇ ಎಂದು ಕೇಳಿದೆ. ಸಾಕು ಅಂದರು ಇಬ್ಬರೂ.