ಹಲಸಿನ ಬೆಣೆ

ಖಾಸಬಾಗದ ನೇಮಣ್ಣನ ಕೈಗೆ ಒಂದು ಹಳೆಯ ಉಳಿ ಕೊಟ್ಟರೆ ಸಾಕು, ಅದರ ಒಡೆಯನ ಜಾತಕವನ್ನೇ ಹೇಳಿಬಿಡುತ್ತಿದ್ದ. ಹಿಡಿಯನ್ನು ಮೂಸಿ, ಅಲಗನ್ನು ಉಗುರಿನಿಂದ ತಟ್ಟಿ ಕಿವಿಗೆ ಹಿಡಿದು, ಕಣ್ಣು ಮುಚ್ಚಿ, “ಇದು ಲೋಂಡಾ ಕಡೀದು. ಹಿಡಿ ಮತ್ತೀಮರದ್ದು. ಹಿಡದಾಂವ ಎಡಚ, ಸಿಟ್ಟಿನ ಮನಶ್ಯಾ” ಅನ್ನುತ್ತಿದ್ದ. ಸಂತೆಗೆ ಬರುವ ಉಳಿ, ಗರಗಸದಂಥ ಹಳೆಯ ಹತ್ಯಾರಗಳ ಒಡೆಯರು ಸತ್ತಿರುತ್ತಿದ್ದರು, ಇಲ್ಲವೇ ದೂರದಲ್ಲಿರುತ್ತಿದ್ದರು. ಹಾಗಾಗಿ ಇಪ್ಪತ್ತು ವರ್ಷಗಳಲ್ಲಿ ಅವನ ಒಂದು ಮಾತೂ ಸುಳ್ಳಾಗಿರಲಿಲ್ಲ.

ಜೈನರ ಮನೆಯವನು ಹತ್ಯಾರ ಮಾರುವುದು ನೆಂಟರಿಗೆ ಸರಿಬರುತ್ತಿರಲಿಲ್ಲ. ಕಾಳಿನ ಅಂಗಡಿಯ ದಾಯಾದಿ ಭೂಪಾಲ ಒಮ್ಮೆ ಬಸದಿಯ ಕಟ್ಟೆಯ ಮೇಲೆ ನಾಲ್ಕು ಜನರೆದುರು ಈ ಮಾತು ತೆಗೆದ. “ನನ್ನ ಹತ್ಯಾರ ಬರೇ ಕಟಿಗಿ ಕೊಯ್ತಾವೋ ಭೂಪಾಲಾ. ನಿನ್ನ ತಕ್ಕಡಿ ಏನೇನ ಕೊಯ್ತೈತಿ ಅಂತ ಇಲ್ಲೇ ಹೇಳ್ಲೇನು?” ಅಂದ ನೇಮಣ್ಣ. ಭೂಪಾಲನಿಗೆ ಆಗಲೇ ಅಂಗಡಿಯ ಕೆಲಸ ನೆನಪಾಯಿತು.

ಜಾತಕ ಹೇಗಾದರೂ ಇರಲಿ, ತುಕ್ಕು ತೆಗೆಯುವುದರಲ್ಲಿ ಅವನು ನಿಜವಾದ ಉಸ್ತಾದ. ಇಟ್ಟಿಗೆ ಪುಡಿ, ಹುಣಸೆಹುಳಿ, ಅಗಸೆ ಎಣ್ಣೆ ಇಷ್ಟೇ ಅವನ ಬಂಡವಾಳ. ಹಲಗೆ ನುಣುಪು ಮಾಡುವ ರಂಧಾಗಳೆಂದರೆ ಅವನಿಗೆ ಜೀವ. ಮರದ ಉದ್ದನೆಯ ಮೈ, ನಡುವೆ ಬಾಯಿ, ಬಾಯಲ್ಲಿ ಅಲಗು, ಅದು ಅಲುಗದಂತೆ ಬಿಗಿಯಲು ಒಂದು ಮರದ ಬೆಣೆ. ಹಿಡಿದವನ ಹೆಬ್ಬೆರಳು ವರ್ಷಾನುಗಟ್ಟಲೆ ಸವೆಸಿದ ಕುಳಿಗೆ ನೇಮಣ್ಣ ಅರಗು ತುಂಬುತ್ತಿದ್ದ. ಹಳೆಯ ಬೆಣೆ ಕಿತ್ತು ಹೊಸದು ಬಡಿಯುತ್ತಿದ್ದ. ಉಜ್ಜಿ, ಎಣ್ಣೆ ಕುಡಿಸಿ ಸಾಲಾಗಿ ಇಟ್ಟರೆ ಹನ್ನೊಂದು ರಂಧಾಗಳೂ ಒಂದೇ ತಾಯಿಯ ಮಕ್ಕಳು. “ಇದರಾಗ ಯಾವುದು ಹಳೇದು, ಹೇಳ್ರಿ ನೋಡೂಣು” ಎಂದು ಗಿರಾಕಿಗಳಿಗೆ ಸವಾಲು ಬೇರೆ.

೧೯೨೬ರ ದಸರೆಯಲ್ಲಿ, ಮನೆಮನೆಯಲ್ಲೂ ಹತ್ಯಾರ ಪೂಜಿಸುವ ಖಂಡೇ ಪೂಜೆಯ ಹಿಂದಿನ ದಿನ, ಖಾನಾಪುರದ ಗಾಡಿಗೆ ಬಂದ ಕಾಶವ್ವ ಎಂಬ ಹೆಂಗಸು ವಿಳಾಸ ಕೇಳುತ್ತ ಅವನ ಅಂಗಡಿಯ ಮುಂದೆ ನಿಂತಳು.

“ಬಾ ಯವ್ವಾ, ಕುಂದರು,” ಅಂದ ನೇಮಣ್ಣ. ಅವಳು ಕೂರಲಿಲ್ಲ.

“ನಮ್ಮ ಮನಿಯವರು ಬಡಿಗತನ ಮಾಡ್ತಿದ್ರು. ತೀರಿಕೊಂಡು ಆರ ತಿಂಗಳಾತು. ನಾ ತವರಿಗೆ ಹೋದಾಗ ಮೈದುನ ಅವರ ಹತ್ಯಾರದ ಪೆಟಗಿ ತಂದು ನಿಮಗ ಮಾರ್ಯಾನಂತ್ರಿ. ನಾಳಿ ಖಂಡೇ ಪೂಜಿ. ಮೂವತ್ತ ವರ್ಷ ಪೂಜಿ ಮಾಡಿದ ಜಾಗಾದಾಗ ಇಡಾಕ ಒಂದ ಹತ್ಯಾರ ಇಲ್ಲ. ಉಳಿದದ್ದೆಲ್ಲಾ ಹೋಗ್ಲಿ, ಅವರ ರಂಧಾ ಒಂದ ಕೊಡ್ರಿ.”

ಅವಳು ಒಂದೊಂದೇ ರಂಧಾ ಎತ್ತಿಕೊಂಡು ಹೆಬ್ಬೆರಳು ಒತ್ತಿ ನೋಡಿದಳು. ಹನ್ನೊಂದೂ ನುಣುಪು. “ಅವರ ಹೆಬ್ಬಟ್ಟಿನ ಕುಳಿ ಇತ್ತಲ್ರಿ ಅದಕ್ಕ. ಎಲ್ಲಿ ಹೋತು?” ಅಂದಳು.

ಅವಳ ರಂಧಾ ಅಲ್ಲೇ ಇತ್ತು, ಆದರೆ ಯಾವುದೆಂದು ನೇಮಣ್ಣನಿಗೇ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವ ಮಾತಂತೂ ಅವನ ಬಾಯಿಗೆ ರೂಢಿಯಿರಲಿಲ್ಲ. ಒಂದನ್ನು ಎತ್ತಿ, ಮೂಸಿ, ಕಣ್ಣು ಮುಚ್ಚಿದ. “ಇದಽ ನೋಡವ್ವಾ. ಹಿಡದಾಂವ ಎತ್ತರದ ಆಳು. ಎಡಚ.”

“ನಮ್ಮವರು ಗಿಡ್ಡ ಇದ್ರು. ಎಡಗೈಲೆ ಒಂದ ಮೊಳಿ ಸೈತ ಹೊಡದಾವರಲ್ಲ.”

ಇಪ್ಪತ್ತು ವರ್ಷಗಳಲ್ಲಿ ಇದೇ ಮೊದಲ ಸಾಕ್ಷಿ. ನೇಮಣ್ಣ ಕಣ್ಣು ತೆರೆದ.

“ಅದರ ಬೆಣಿ ಹಳದಿ ಹಲಸಿಂದಿತ್ರಿ,” ಕಾಶವ್ವ ಬಿಡಲಿಲ್ಲ. “ನಾವು ಲಗ್ನದಾಗ ಕುಂತ ಮಣಿ ಒಡದಾಗ ಆ ತುಂಡಿಲೆ ಮಾಡ್ಕೊಂಡಿದ್ರು.”

ಈಗ ನೇಮಣ್ಣನಿಗೆ ನೆನಪಾಯಿತು. ಸಾಗುವಾನಿ ಮೈಗೆ ಹಲಸಿನ ಬೆಣೆ ಹಾಕಿದವನು ಎಂಥ ಹುಚ್ಚ ಬಡಿಗನೋ ಎಂದು ನಕ್ಕು ಕಿತ್ತು ಒಗೆದಿದ್ದ. “ಅದು… ಎಲ್ಲೋ ಹೋತವ್ವಾ,” ಎಂದು ಗೊಣಗಿದ.

ಒಳಗಿನಿಂದ ಹೆಂಡತಿ ಜಿನಮತಿಯ ದನಿ ಬಂತು. “ಎಲ್ಲೂ ಹೋಗಿಲ್ಲ. ಬೆಂಚು ಅಲಗ್ಯಾಡತೈತಿ ಅಂತ ಅದರ ಕಾಲ ಬುಡಕ ನೀವಽ ಇಟ್ಟೀರಿ.”

ಊರಿನ ಹತ್ಯಾರಗಳ ಗುರುತು ಹೇಳುವ ನೇಮಣ್ಣ ಇಷ್ಟು ದಿನ ಅದರ ಮೇಲೆಯೇ ಕೂತಿದ್ದ. ಎದ್ದು ನಿಂತ. ಕಾಶವ್ವ ಬಗ್ಗಿ ಬೆಣೆಯನ್ನು ಎಳೆದುಕೊಂಡು ಸೆರಗಿನಿಂದ ಒರೆಸಿದಳು. ಆಮೇಲೆ ರಂಧಾಗಳ ಹೊಸ ಬೆಣೆ ಕಿತ್ತು ಇದನ್ನು ತೂರಿಸಿ ನೋಡತೊಡಗಿದಳು. ಬೆಣೆಯನ್ನು ಅದರದೇ ಬಾಯಿಗೆ ತಕ್ಕಂತೆ ಕೆತ್ತಿರುತ್ತಾರೆ, ಇದು ನೇಮಣ್ಣನಿಗೆ ತಿಳಿಯದ್ದೇನಲ್ಲ. ಒಂದರಲ್ಲಿ ಸಡಿಲಾಯಿತು, ಇನ್ನೊಂದರಲ್ಲಿ ಹೋಗಲೇ ಇಲ್ಲ. ಎಂಟನೆಯದರಲ್ಲಿ ಕೂದಲೆಳೆಯಷ್ಟೂ ಸಂದಿಲ್ಲದೆ ಕೂತುಬಿಟ್ಟಿತು.

ನೇಮಣ್ಣ ಆ ರಂಧಾವನ್ನು ತೊಡೆಯ ಮೇಲಿಟ್ಟುಕೊಂಡು ಸಣ್ಣ ಉಳಿಯಿಂದ ಅರಗು ಕೆರೆಯತೊಡಗಿದ. ತುಂಬುವಾಗ ಪಟ್ಟದ್ದಕ್ಕಿಂತ ಹೆಚ್ಚು ಕಷ್ಟಪಟ್ಟು ತೆಗೆದ. ಕುಳಿ ಮತ್ತೆ ಕಂಡಿತು. ಕಾಶವ್ವ ಅದರಲ್ಲಿ ತನ್ನ ಹೆಬ್ಬೆರಳಿಟ್ಟಳು. ಸುತ್ತಲೂ ಇನ್ನೂ ಜಾಗ ಉಳಿದಿತ್ತು. ಅವಳು ಅಳುವುದನ್ನು ನೋಡಲಾರದೆ ನೇಮಣ್ಣ ತಲೆ ತಗ್ಗಿಸಿದ.

“ತಪ್ಪಾತವ್ವಾ. ನನಗ ಗೊತ್ತಾಗಲಿಲ್ಲ,” ಅಂದ.

ಬೆಣೆ ರಂಧಾದ ಜೊತೆ ಕಾಶವ್ವನ ಮನೆಗೆ ಹೋದ ಮೇಲೆ ನೇಮಣ್ಣನ ಬೆಂಚು ಅಲುಗಾಡುತ್ತಲೇ ಇತ್ತು. ಹತ್ಯಾರ ತಂದವರನ್ನು ಮೊದಲು ಅದರ ಒಡೆಯನ ಹೆಸರು ಕೇಳುತ್ತಿದ್ದ, ಮೂಸುವುದನ್ನು ಬಿಟ್ಟಿದ್ದ. ಕೂತ ಗಿರಾಕಿಗಳು ತೂಗಾಡಿ ಬೇಸತ್ತು, “ಕಾಲ ಬುಡಕ ಒಂದ ಕಟಿಗಿ ತುಂಡ ಇಡಬಾರದೇನ್ರಿ ನೇಮಣ್ಣಾ? ಇಷ್ಟ ಬಿದ್ದಾವಲ್ಲ!” ಅನ್ನುತ್ತಿದ್ದರು.

“ಇಡೂಣ್ರಿ,” ಅನ್ನುತ್ತಿದ್ದ ನೇಮಣ್ಣ. “ಯಾರ ಮನೀದಂತ ಗೊತ್ತಾಗ್ಲಿ, ಆಮ್ಯಾಲ ಇಡೂಣು.”