ಅತ್ತೆಯ ಎಣ್ಣೆ ಬಂಡಿ

ನನ್ನ ಸೋದರತ್ತೆಯ ತಲೆಯ ಮೇಲೆ ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗೆ ಅಡ್ಡಲಾಗಿ ಒಂದು ಗೆರೆ ಇತ್ತು. ಅದು ಬೈತಲೆಯಲ್ಲ. ಬಳ್ಳಾರಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿ ವರ್ಷಗಟ್ಟಲೆ ಹಾಕಿಕೊಂಡ ಇಯರ್‌ಫೋನಿನ ಪಟ್ಟಿ ಅಲ್ಲಿಯ ಕೂದಲನ್ನು ತಿಂದುಹಾಕಿತ್ತು. ಬೈತಲೆಯೂ ಆ ಗೆರೆಯೂ ನಡುನೆತ್ತಿಯಲ್ಲಿ ಒಂದನ್ನೊಂದು ಕತ್ತರಿಸುತ್ತಿದ್ದವು. ಎಣ್ಣೆ ಹಚ್ಚಿಕೊಳ್ಳುವಾಗ ಅದರ ಮೇಲೆ ಬೆರಳಾಡಿಸಿ, "ನೋಡಲೇ, ಇದು ಟ್ರಂಕ್ ಲೈನು, ಇದು ಲೋಕಲ್ ಲೈನು" ಎನ್ನುತ್ತಿದ್ದಳು.

ಅತ್ತೆ ಮದುವೆಯಾಗಲಿಲ್ಲ. ನಮ್ಮ ಮನೆಯ ಹಿಂದಿನ ಎರಡು ಕೋಣೆಗಳಲ್ಲಿ ಇದ್ದಳು. ಒಂದರಲ್ಲಿ ಅಡಿಗೆ, ಇನ್ನೊಂದರಲ್ಲಿ ಕಾರು. ಕಾರೆಂದರೆ ಮೊಳದುದ್ದದ ಕಾರು. ನಮ್ಮ ಊರಿನ ರೇಡಿಯೋ ಅಂಗಡಿಯವರು ಮದರಾಸಿನಿಂದ ತಂದದ್ದು. ಏರಿಯಲ್ ಇರುವ ಒಂದು ಪೆಟ್ಟಿಗೆಯನ್ನು ಕೈಯಲ್ಲಿ ಹಿಡಿದು ಅದರ ಕಡ್ಡಿಗಳನ್ನು ಆಡಿಸಿದರೆ, ನಡುವೆ ತಂತಿಯಿಲ್ಲದೆ ನೆಲದ ಮೇಲಿನ ಕಾರು ಓಡಬೇಕು, ತಿರುಗಬೇಕು. ತಂದ ತಿಂಗಳಲ್ಲೇ ಅದರ ಎಂಜಿನ್ನು ಕಚ್ಚಿಕೊಂಡು ತಿರುಗದಾಗಿತ್ತು. ಅತ್ತೆ ಅದನ್ನು ಮನೆಗೆ ಹೊತ್ತು ತಂದು, ಬಿಚ್ಚಿ, ಸೀಮೆಎಣ್ಣೆಯಲ್ಲಿ ನೆನೆಹಾಕಿ ಎಬ್ಬಿಸಿದಳು. "ಎಬ್ಬಿಸಿದಾಕಿ ಹತ್ರನೇ ಇರ್ಲಿ ಬಿಡವ್ವಾ" ಎಂದು ಅಂಗಡಿಯವರು ಅದನ್ನು ಅವಳಿಗೇ ಬಿಟ್ಟು, ತಮಗೆ ಬೇರೊಂದನ್ನು ತರಿಸಿಕೊಂಡರು.

ಅದರ ಎಂಜಿನ್ನು ಸ್ಪಿರಿಟ್ಟಿಗೆ ಔಡಲೆಣ್ಣೆ ಬೆರೆಸಿದರೆ ಮಾತ್ರ ಓಡುತ್ತಿತ್ತು. ಓಡಿದಾಗ ಅಂಗಳದ ತುಂಬ ಸುಟ್ಟ ಔಡಲೆಣ್ಣೆಯ ವಾಸನೆ. ಅವ್ವ ಮೂಗಿಗೆ ಸೆರಗು ಹಿಡಿದು ಬೈಯುತ್ತಿದ್ದಳು.

"ಕೂಸಿಗೆ ಕುಡಿಸೋ ಎಣ್ಣಿ ಬಂಡಿಗೆ ಕುಡಸ್ತಾಳ. ಮದಿವಿ ಮಾಡ್ಕೋ ಅಂದ್ರ ಮೋಟಾರ್ ಮಾಡ್ಕೊಂಡು ಕುಂತಾಳ ನನ್ನ ತಾಯಿ!"

"ಅತ್ತಿಗೀ, ಗಂಡ ಆದ್ರ ಕೆಟ್ಟಾಗ ಬಿಚ್ಚಾಕ ಬರ್ತೈತೇನು?"

"ಬಿಚ್ಚಾಕ ಬಂದಿದ್ರ ನಿಮ್ಮಣ್ಣನ್ನ ಎಂದೋ ಬಿಚ್ಚಿಡ್ತಿದ್ದೆ."

ಇಬ್ಬರೂ ನಗುತ್ತಿದ್ದರು. ಅಪ್ಪ ಪೇಪರು ಮೇಲೆತ್ತಿಕೊಳ್ಳುತ್ತಿದ್ದರು.

ಸವೆದ ಹವಾಯಿ ಚಪ್ಪಲಿಯ ರಬ್ಬರು ಕೊಯ್ದು ಅತ್ತೆ ಟೈರು ಮಾಡಿದಳು. ಮೊದಲಿನ ಸ್ಪ್ರಿಂಗು ಮೆತ್ತಗಾಯಿತೆಂದು ಹೊಲಿಗೆ ಯಂತ್ರದ ಸ್ಪ್ರಿಂಗು ಹಾಕಿದಳು. ಹಲ್ಲುಚಕ್ರ ಬದಲಿಸಿ ಬದಲಿಸಿ, ಕೊನೆಗೆ ಆ ಕಾರು ನಮ್ಮ ಬೀದಿಯಲ್ಲಿ ಸೈಕಲ್ಲನ್ನು ಹಿಂದೆ ಹಾಕಿತು. ಸ್ಕ್ರೂಡ್ರೈವರಿನ ಮೊನೆಯನ್ನು ಎಂಜಿನ್ನಿಗೆ ಮುಟ್ಟಿಸಿ, ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿ ಕೇಳುವುದು ಅವಳ ರೂಢಿ. ಕೇಳುವಾಗ ಯಾರೂ ಮಾತಾಡಬಾರದು.

ನಾನು ಆಗ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದೆ. ಭಾನುವಾರ ಅವಳ ಜೊತೆ ಹೋಗುತ್ತಿದ್ದೆ. ಎಂಬತ್ತರ ದಶಕದ ಆರಂಭದ ಮಾತು. ಇಂಥ ಬಂಡಿ ಓಡಿಸುವವರು ಇಡೀ ಜಿಲ್ಲೆಯಲ್ಲಿ ಒಂದು ಕೈಯ ಬೆರಳುಗಳಷ್ಟೂ ಇರಲಿಲ್ಲ. ಕುರುಗೋಡಿನ ಗುಡ್ಡದ ಕೆಳಗಿನ ಬಯಲಿನಲ್ಲಿ ಸೇರುತ್ತಿದ್ದರು, ಇಲ್ಲವೇ ಸಿರುಗುಪ್ಪದ ಅಕ್ಕಿ ಗಿರಣಿಯ ಅಂಗಳದಲ್ಲಿ. ಕುದಿಸಿದ ಭತ್ತ ಒಣಹಾಕುವ ಆ ಸಿಮೆಂಟು ನೆಲದಂಥ ಸಮ ನೆಲ ನಮಗೆ ಬೇರೆಲ್ಲೂ ಸಿಕ್ಕಿರಲಿಲ್ಲ. ಗಿರಣಿ ಮಾಲೀಕರ ಅಳಿಯನಿಗೂ ಇದರ ಹುಚ್ಚಿತ್ತು. ಅವನೇ ನಮ್ಮನ್ನು ಕರೆಸುತ್ತಿದ್ದದ್ದು.

ಈ ಆಟದಲ್ಲಿ ಒಂದು ಕಟ್ಟುನಿಟ್ಟು ಇತ್ತು. ಪ್ರತಿ ಪೆಟ್ಟಿಗೆಯ ಏರಿಯಲ್ ತುದಿಗೆ ಬಣ್ಣದ ರಿಬ್ಬನ್ನು ಕಟ್ಟಿರುತ್ತಿದ್ದರು. ಒಂದೇ ಬಣ್ಣದ ಎರಡು ಪೆಟ್ಟಿಗೆ ಎಂದರೆ ಎರಡಕ್ಕೂ ಒಂದೇ ಅಲೆ. ಎರಡನ್ನೂ ಒಟ್ಟಿಗೆ ಹಚ್ಚಿದರೆ ಕಾರಿಗೆ ಇಬ್ಬರ ಹುಕುಮೂ ಒಮ್ಮೆಲೇ ಮುಟ್ಟುತ್ತದೆ, ಅದಕ್ಕೆ ಹುಚ್ಚು ಹಿಡಿಯುತ್ತದೆ. ಉಳಿದವರು ರಿಬ್ಬನ್ನು ನೋಡಿಕೊಂಡು ಸುಮ್ಮನಾಗುತ್ತಿದ್ದರು. ಅತ್ತೆಗೆ ಅಷ್ಟು ಸಾಲದು. ಎಕ್ಸ್‌ಚೇಂಜಿನಲ್ಲಿ ಪ್ಲಗ್ಗು ಹಾಕುವ ಮುಂಚೆ ಲೈನಿನ ಮೇಲೆ ಯಾರಾದರೂ ಇದ್ದಾರೆಯೇ ಎಂದು ಕೇಳಿಸಿಕೊಳ್ಳುವ ಕ್ರಮವನ್ನೇ ಇಲ್ಲಿಗೂ ತಂದಿದ್ದಳು. ಸ್ವಿಚ್ಚು ಒತ್ತುವ ಮುಂಚೆ ಸುತ್ತ ತಿರುಗಿ ಗಟ್ಟಿಯಾಗಿ ಕೇಳುವಳು: "ಕೆಂಪು ಯಾರದರ ಐತೇನ್ರೀ?" ಉತ್ತರಕ್ಕೆ ಕಾಯುವಳು. ರೇಡಿಯೋ ಅಂಗಡಿಯವರು ಪಕ್ಕದಲ್ಲೇ ನಿಂತು, "ಯಾರದೂ ಇಲ್ಲ ತಾಯಿ, ಕನೆಕ್ಷನ್ ಕೊಡ್ರಿ" ಎಂದು ಕಾಡಿಸುತ್ತಿದ್ದರು.

ಆ ದಿನ ಸಿರುಗುಪ್ಪಕ್ಕೆ ಅವ್ವನೂ ಬಂದಿದ್ದಳು, ಹೊಸ ಅಕ್ಕಿ ತರಲು. ಮುಂದೆ ಬರೆಯುವುದು ನಾನು ಕಣ್ಣಾರೆ ಕಂಡಷ್ಟೇ. ಕಾಣದ್ದನ್ನು ಸೇರಿಸುವುದಿಲ್ಲ.

ಅಂಗಳದ ಒಂದು ತುದಿಯಲ್ಲಿ ಅತ್ತೆ, ಅವಳ ಹಿಂದೆ ನಾನು. ಇನ್ನೊಂದು ತುದಿಯಲ್ಲಿ ಬೇವಿನ ಮರ, ಅದರ ಕೆಳಗೆ ಗಿರಣಿಯ ಹೆಣ್ಣುಮಕ್ಕಳ ಜೊತೆ ಅವ್ವ ಅಂಗಳಕ್ಕೆ ಬೆನ್ನು ಹಾಕಿ ಕುಳಿತು ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ಮರದ ಬಲಕ್ಕೆ ಬಾಯ್ಲರಿನ ಕಲ್ಲುಕಂಬ, ಎಡಕ್ಕೆ ಗೇಟು. ಅತ್ತೆ ಎಂದಿನಂತೆ ಕೇಳಿದಳು. ಕೆಂಪು ಯಾರದೂ ಇರಲಿಲ್ಲ. ಅಳಿಯ ಇನ್ನೂ ಬಂದಿರಲಿಲ್ಲ. ಅತ್ತೆಯ ಕಾರೂ ಅಂಗಡಿಯವರ ಕಾರೂ ಪಂದ್ಯಕ್ಕೆ ಬಿದ್ದವು. ಅತ್ತೆಯದು ಮುಂದಿತ್ತು.

ಪಂದ್ಯದ ನಡುವೆ ಗಿರಣಿ ಶುರುವಾಯಿತು. ಅದರ ಸದ್ದಿನಲ್ಲಿ ಪಕ್ಕದವನ ಮಾತು ಕೇಳದು. ಅದೇ ಹೊತ್ತಿಗೆ ಗೇಟಿನಲ್ಲಿ ಅಳಿಯನ ಜೀಪು ಬಂದು ನಿಂತದ್ದನ್ನು ಕಂಡೆ. ಅವನು ತನ್ನ ಹೊಸ ಕಾರನ್ನು ಜೀಪಿನ ಬಾನೆಟ್ಟಿನ ಮೇಲೆ ಬೋರಲು ಇಟ್ಟು, ಜೊತೆ ಬಂದವರಿಗೆ ತೋರಿಸುತ್ತ, ಪೆಟ್ಟಿಗೆಯ ಸ್ವಿಚ್ಚು ಒತ್ತಿದ. ಅವನ ಏರಿಯಲ್ ತುದಿಯಲ್ಲಿ ಕೆಂಪು ರಿಬ್ಬನ್ನು ಹಾರುತ್ತಿತ್ತು.

ಅತ್ತೆಯ ಕಾರು ತಿರುವಿನಲ್ಲಿ ತಿರುಗಲಿಲ್ಲ. ಒಮ್ಮೆ ಅದುರಿತು, ಮತ್ತೆ ನೆಟ್ಟಗಾಗಿ ಪೂರ್ತಿ ವೇಗದಲ್ಲಿ ಬೇವಿನ ಮರದ ಕಡೆಗೆ ಹೊರಟಿತು. ಆ ಕಾರಿನ ತೂಕ ಗೊತ್ತಿದ್ದವನು ನಾನು. ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದಿದ್ದೆ. ಅದರ ಎದುರಿಗೆ ಅವ್ವನ ಬೆನ್ನು, ಹೆರಳು, ಆಡುತ್ತಿದ್ದ ಮೊಣಕೈ. ನಾನು ಕೂಗುತ್ತ ಓಡಿದೆ. ನನ್ನ ಕೂಗು ನನಗೇ ಕೇಳಲಿಲ್ಲ.

ಓಡುತ್ತಲೇ ತಿರುಗಿ ನೋಡಿದೆ. ಅತ್ತೆ ಕಡ್ಡಿಗಳನ್ನು ತಿರುವುತ್ತಿರಲಿಲ್ಲ. ಗೇಟಿನ ಕಡೆ ನೋಡಿದಳು, ಕಾರಿನ ಕಡೆ ನೋಡಿದಳು, ತನ್ನ ಪೆಟ್ಟಿಗೆಯ ಸ್ವಿಚ್ಚನ್ನು ಆರಿಸಿಬಿಟ್ಟಳು. ನಾನು "ಹಚ್ಚು ಅತ್ತೀ, ಹಚ್ಚು!" ಎಂದು ಅರಚಿದೆ. ಆ ಕ್ಷಣ ಅವಳು ಅವ್ವನ ಕೈಬಿಟ್ಟಳೆಂದೇ ನನಗೆ ಅನಿಸಿತು.

ಆಮೇಲೆ ಗಿರಣಿಯ ಸದ್ದನ್ನೂ ದಾಟಿ ಅವಳ ದನಿ ಬಂತು. ಟ್ರಂಕ್ ಲೈನಿನಲ್ಲಿ ದೂರದ ಊರಿಗೆ ನಂಬರು ಹೇಳುವ ದನಿ. ಒಂದೊಂದೇ ಮಾತು, ಒಂದೊಂದನ್ನೂ ಬಿಡಿಸಿ.

"ಬಂಡಿ! ನಿಮ್ಮ! ಕೈಯಾಗ! ಬಲಕ್ಕ!"

ತೋಳನ್ನು ಪೂರ್ತಿ ಚಾಚಿ ಬಲಕ್ಕೆ ತೋರಿಸಿದಳು. ಅಳಿಯ ತಲೆ ಎತ್ತಿದ. ಅವಳ ಮಾತು ಕೇಳಿದನೋ ತೋಳು ಕಂಡನೋ ತಿಳಿಯದು. ಅವನ ಕೈ ಕಡ್ಡಿಯನ್ನು ಬಲಕ್ಕೆ ತಳ್ಳಿತು. ಬಾನೆಟ್ಟಿನ ಮೇಲಿನ ಕಾರಿನ ಮುಂದಿನ ಗಾಲಿಗಳು ತಿರುಗಿದವು. ಅಲ್ಲಿ ಮರದ ಕೆಳಗೆ ಅತ್ತೆಯ ಕಾರೂ ತಿರುಗಿತು. ಒಂದೇ ನೊಗದ ಎರಡು ಎತ್ತಿನಂತೆ. ಅವ್ವನ ಸೆರಗು ಎದ್ದು ಬಿತ್ತು. ಅದು ಕಾರಿನ ಗಾಳಿಯೋ ಮೊರದ ಗಾಳಿಯೋ ಹೇಳಲಾರೆ. ಕಾರು ಹೋಗಿ ಕಲ್ಲುಕಂಬಕ್ಕೆ ಬಡಿಯಿತು.

ಅವ್ವ ಆಗ ತಿರುಗಿ ನೋಡಿದಳು. ಚೂರುಗಳನ್ನು ಕಂಡು, "ಮುರೀತೇನು? ಚಲೋ ಆತು, ಒಂದ್ ಪೀಡಾ ಹೋತು" ಎಂದು ಮತ್ತೆ ಮೊರ ಕೈಗೆತ್ತಿಕೊಂಡಳು.

ಅಳಿಯ ಓಡಿ ಬಂದ. ಪೆಟ್ಟಿಗೆ ಇನ್ನೂ ಕೈಯಲ್ಲೇ ಇತ್ತು. "ಅಕ್ಕಾ, ಆಟ ನಡದೈತಿ ಅಂತ ನಂಗ ಗೊತ್ತಿದ್ದಿಲ್ಲ..."

"ಕೇಳಿದ್ರ ಗೊತ್ತಾಗ್ತಿತ್ತು" ಎಂದಳು ಅತ್ತೆ. "ಹೇಳಿದ ಕೂಡ್ಲೆ ತಿರುಗಿಸಿದ್ರಿ, ಅದಕ್ಕ ಸುಮ್ನದೀನಿ. ಇನ್ನೊಮ್ಮೆ ಕೇಳದ ಒತ್ತಿದ್ರ ಬೆರಳು ಮುರೀತೀನಿ, ನೋಡ್ರಿ."

ಚೂರುಗಳನ್ನು ಆರಿಸಿ ಚೀಲಕ್ಕೆ ತುಂಬುವಾಗ ನಾನು ಕೇಳಿದೆ: "ಯಾಕ ಆರಿಸಿದಿ?"

"ಇಬ್ರೂ ಮಾತಾಡ್ತಿದ್ರ ಬಂಡಿಗೆ ಒಬ್ರದೂ ತಿಳೀತಿದ್ದಿಲ್ಲ. ಆತಗ ಆರಸ್ರಿ ಅಂದ್ರ, ಆತ ತಿಳಕೊಂಡು ಆರಸೋದ್ರಾಗ ಮುಗೀತಿತ್ತು. ಆತ ಬಂಡಿ ಹತ್ರ ಇದ್ದ. ನಾ ಸುಮ್ನಾದೆ."

"ಆತ ತಿರುಗಿಸದಿದ್ರ?"

ಅತ್ತೆ ಕೊನೆಯ ಚೂರನ್ನು ಚೀಲಕ್ಕೆ ಹಾಕಿದಳು. ಅದರ ಬಾಯಿಯನ್ನು ನಾನು ಕಟ್ಟಿದೆ. "ಗೊತ್ತಿದ್ದಿಲ್ಲಪ್ಪ" ಎಂದಳು. "ನಿಮ್ಮವ್ವಗ ಹೇಳಬ್ಯಾಡ. ಆಕಿ ಅಕ್ಕಿ ಹಸನು ಮಾಡೋದು ಬಿಡ್ತಾಳ."

ಬಸ್ಸಿನಲ್ಲಿ ಅವ್ವ ದಾರಿಯುದ್ದಕ್ಕೂ ಅಕ್ಕಿಯ ಗುಣ ಹೇಳುತ್ತಿದ್ದಳು. ಅತ್ತೆ ಹೂಂಗುಟ್ಟುತ್ತಿದ್ದಳು. ಹೇಳಬೇಡವೆಂದ ಅತ್ತೆಯ ಮಾತನ್ನು ನನಗೆ ನಡೆಸಲಾಗಲಿಲ್ಲ. ಆ ವಾರದಲ್ಲೇ ಅವ್ವನಿಗೆ ಎಲ್ಲ ಹೇಳಿಬಿಟ್ಟೆ. ಅವ್ವ ಒಲೆಯ ಮುಂದಿನಿಂದ ಎದ್ದು ಹಿಂದಿನ ಕೋಣೆಗೆ ಹೋದಳು. ಅಲ್ಲಿ ಏನು ಮಾತಾಯಿತೋ ನಾನು ಕೇಳಿಲ್ಲ. ಮರುದಿನದಿಂದ ಅವ್ವನ ಅಡಿಗೆಮನೆಯ ಔಡಲೆಣ್ಣೆಯ ಗಡಿಗೆ ಅತ್ತೆಯ ಕೋಣೆಯಲ್ಲಿತ್ತು.

ಕಾರನ್ನು ಮತ್ತೆ ಕಟ್ಟಲು ಅತ್ತೆಗೆ ವರ್ಷವೇ ಹಿಡಿಯಿತು. ಅದನ್ನು ಕುರುಗೋಡಿನ ಬಯಲಿಗೆ ಒಯ್ದ ದಿನ ಅವ್ವನೂ ಹೊರಟಳು. ಅತ್ತೆ ಬಾಯಿ ತೆರೆಯುವ ಮುಂಚೆ ಅವ್ವನೇ ಬಯಲಿನ ನಡುವೆ ನಿಂತು, "ಕೆಂಪು ಯಾರದೈತ್ರೋ? ಈಗ್ಲೇ ಹೇಳ್ರಿ, ಆಮ್ಯಾಲೆ ಅನ್ನಬ್ಯಾಡ್ರಿ!" ಎಂದು ಗುಡ್ಡಕ್ಕೆ ಕೇಳುವಂತೆ ಕೂಗಿದಳು. ಅಂಗಡಿಯವರು ತಮ್ಮ ಹಳದಿ ರಿಬ್ಬನ್ನಿನ ಪೆಟ್ಟಿಗೆಯನ್ನೂ ಬೆನ್ನ ಹಿಂದೆ ಬಚ್ಚಿಟ್ಟುಕೊಂಡರು. ಅತ್ತೆ ನಕ್ಕು ನಕ್ಕು ಕೆಮ್ಮಿದಳು.

ಆ ಕೆಮ್ಮು ನಿಲ್ಲಲಿಲ್ಲ. ಕೆಲವು ವರ್ಷಗಳಲ್ಲಿ ಅದೇ ಅವಳನ್ನು ತೆಗೆದುಕೊಂಡು ಹೋಯಿತು.

ನಮ್ಮಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ. ಗೋಡೆಗೆ ಒರಗಿಸಿ, ಹಣೆಗೆ ವಿಭೂತಿ ಹಚ್ಚಿ ಕೂರಿಸುತ್ತಾರೆ. ಅತ್ತೆ ತೀರಾ ಇಳಿದುಹೋಗಿದ್ದಳು. ಎಷ್ಟು ಒರಗಿಸಿದರೂ ಒಂದು ಕಡೆಗೆ ಜಾರುತ್ತಿದ್ದಳು. ಅವ್ವ ಹೋಗಿ ಆ ಕಡೆಗೆ ಕುಳಿತು, ತನ್ನ ಭುಜ ಕೊಟ್ಟಳು. ಬಂದವರು ಬಂದರು, ಹೋದವರು ಹೋದರು. ಬಿಸಿಲು ಅಂಗಳ ದಾಟಿ ಪಡಸಾಲೆಗೆ ಬಂತು. ಯಾರೋ ಹಿರಿಯರು, "ಎದ್ದು ಒಂದೀಟು ನೀರರ ಕುಡಿಯವ್ವಾ" ಎಂದರು.

"ನಾ ಎದ್ರ ಆಕಿ ವಾಲ್ತಾಳ್ರಿ" ಎಂದಳು ಅವ್ವ.

ನಾನು ಹೋಗಿ ಅವ್ವನ ಪಕ್ಕದಲ್ಲಿ, ಅವಳಿಗೆ ಭುಜ ಕೊಟ್ಟು ಕುಳಿತೆ.